ವ್ಲಾದಿಮಿರ್ ಎಂಬ ಹೆಸರನ್ನು ಬಳಸುವ ಬಗೆ: ಮೂಲ, ಉಚ್ಚಾರ, ಬರವಣಿಗೆ, ಸಂಬೋಧನೆ

2022ರ ಫೆಬ್ರುವರಿಯಿಂದ ಈಚೆಗೆ ಕನ್ನಡ ಪತ್ರಿಕೆಗಳ ವಿದೇಶ ಪುಟದಲ್ಲಿ ಎರಡು ಹೆಸರುಗಳು ಅಕ್ಕಪಕ್ಕದಲ್ಲೇ ಅಚ್ಚಾಗುತ್ತಿವೆ: ವ್ಲಾಡಿಮಿರ್ ಪುಟಿನ್, ವೊಲೊಡಿಮಿರ್ ಝೆಲೆನ್‌ಸ್ಕಿ. ಇಬ್ಬರದೂ ಮೂಲದಲ್ಲಿ ಒಂದೇ ಹೆಸರು ಎಂಬುದು ಎಷ್ಟೋ ಓದುಗರಿಗೆ ಹೊಳೆಯುವುದಿಲ್ಲ. ಹೊಳೆದವರಲ್ಲಿ ಕೆಲವರು ಎರಡನ್ನೂ ಒಂದೇ ರೀತಿ ಬರೆದು ಸರಿಪಡಿಸಲು ಹೊರಡುತ್ತಾರೆ. ಅದು ಮೊದಲಿನದಕ್ಕಿಂತ ದೊಡ್ಡ ತಪ್ಪು.

ಸುದ್ದಿ ಅನುವಾದಿಸುವವರು, ವೈದ್ಯಕೀಯ ಓದಿಗೆಂದು ರಷ್ಯಾಕ್ಕೋ ಉಕ್ರೇನಿಗೋ ಹೋದ ನಮ್ಮ ಮಕ್ಕಳು, ಪೋಲೆಂಡ್ ಅಥವಾ ಸರ್ಬಿಯಾದ ಸಹೋದ್ಯೋಗಿಗಳ ಜೊತೆ ವಿಡಿಯೊ ಸಭೆಯಲ್ಲಿ ಕೂರುವ ಬೆಂಗಳೂರಿನ ಎಂಜಿನಿಯರುಗಳು, ಎಲ್ಲರಿಗೂ ಒಂದಲ್ಲ ಒಂದು ದಿನ ಈ ಹೆಸರು ಎದುರಾಗುತ್ತದೆ. ಎದುರಾದಾಗ ಏನು ಮಾಡಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಉದ್ದಕ್ಕೂ ನಾನು ಹಿಡಿದಿರುವ ನಿಯಮ ಒಂದೇ. ಈ ಹೆಸರಿಗೆ ‘ಸರಿಯಾದ’ ರೂಪ ಎಂಬುದು ಎಲ್ಲೋ ಮೇಲೆ ಕುಳಿತಿಲ್ಲ; ಹೆಸರು ಹೊತ್ತವನು ಯಾವ ಭಾಷೆಯಲ್ಲಿ ಅದನ್ನು ಹೊತ್ತಿದ್ದಾನೋ ಆ ಭಾಷೆಯ ರೂಪವೇ ಅವನ ಮಟ್ಟಿಗೆ ಸರಿ.

ಹೆಜ್ಜೆ 1: ಮೊದಲು ಭಾಷೆಯನ್ನು ಗುರುತಿಸಿ

ಹೆಸರನ್ನು ಬರೆಯುವ ಮುಂಚೆ ಆ ವ್ಯಕ್ತಿ ಎಲ್ಲಿಯವನು, ತನ್ನನ್ನು ಏನೆಂದು ಕರೆದುಕೊಳ್ಳುತ್ತಾನೆ ಎಂದು ನೋಡಿ. ರಷ್ಯನ್ನರಲ್ಲಿ ಅದು ವ್ಲಾದಿಮಿರ್. ಉಕ್ರೇನಿನಲ್ಲಿ ವೊಲೊದಿಮಿರ್. ಬೆಲಾರೂಸಿನಲ್ಲಿ ಉಲಾದ್ಜಿಮಿರ್. ಪೋಲೆಂಡಿನವರು ಅದನ್ನು ವ್ವೊಜಿಮ್ಯೆಶ್ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಕಾಗುಣಿತ ನೋಡಿದವರು ಇದೂ ಅದೇ ಹೆಸರು ಎಂದು ನಂಬುವುದು ಕಷ್ಟ. ಜೆಕ್ ಭಾಷೆಯಲ್ಲಿ ಕೊನೆಯ ಸ್ವರ ಉದ್ದವಾಗಿ ವ್ಲಾದಿಮೀರ್ ಆಗುತ್ತದೆ. ಸರ್ಬಿಯಾ, ಕ್ರೊಯೇಶಿಯಾ, ಬಲ್ಗೇರಿಯಾಗಳಲ್ಲಿ ಬರವಣಿಗೆ ರಷ್ಯನ್ ರೂಪದಂತೆಯೇ ಇದ್ದರೂ ಒತ್ತು ಬೀಳುವ ಜಾಗ ಎಲ್ಲೆಡೆ ಒಂದೇ ಅಲ್ಲ.

ಇವೆಲ್ಲ ಒಂದೇ ಬಳಗದ ಸ್ಲಾವ್ ಭಾಷೆಗಳನ್ನಾಡುವ ನಾಡುಗಳು; ಅವುಗಳ ಹೊರಗೂ ಈ ಹೆಸರು ಹೋಗಿದೆ. ಡೆನ್ಮಾರ್ಕಿನ ದೊರೆ ಒಂದನೆಯ ವಾಲ್ದೆಮಾರ್ 1131ರಲ್ಲಿ ಹುಟ್ಟಿದಾಗ ಅವನ ತಂದೆಯ ಕೊಲೆಯಾಗಿ ಕೆಲವೇ ದಿನಗಳಾಗಿದ್ದವು. ತಾಯಿ ಇಂಗೆಬೋರ್ಗ್ ಕೀವಿನ ರಾಜಮನೆತನದವಳು. ಮಗುವಿಗೆ ಇಟ್ಟದ್ದು ತನ್ನ ಅಜ್ಜ ವ್ಲಾದಿಮಿರ್ ಮೊನೊಮಾಖನ ಹೆಸರನ್ನು. ಡೇನಿಷ್ ಬಾಯಲ್ಲಿ ಅದು ವಾಲ್ದೆಮಾರ್ ಆಗಿ ಅಲ್ಲಿನ ರಾಜವಂಶದಲ್ಲೇ ನೆಲೆಯೂರಿತು.

ಭಾಷೆಯನ್ನು ಗುರುತಿಸುವಾಗ ಒಂದು ಎಚ್ಚರ ಬೇಕು: ದೇಶ ನೋಡಿ ತೀರ್ಮಾನಿಸಬೇಡಿ. ಉಕ್ರೇನಿನಲ್ಲಿ ರಷ್ಯನ್ ಮಾತಾಡುವ ವ್ಲಾದಿಮಿರ್‌ಗಳಿದ್ದಾರೆ, ಇಸ್ರೇಲಿನಲ್ಲಿ, ಜರ್ಮನಿಯಲ್ಲಿ ನೆಲೆಸಿದವರಿದ್ದಾರೆ. ಸೋವಿಯತ್ ಕಾಲದಲ್ಲಿ ಹುಟ್ಟಿದ ಉಕ್ರೇನಿಯನ್ನರ ಎಷ್ಟೋ ದಾಖಲೆಗಳಲ್ಲಿ ರಷ್ಯನ್ ರೂಪವೇ ಇತ್ತು. ಈಗ ಅವರಲ್ಲಿ ಬಹುಮಂದಿ ವೊಲೊದಿಮಿರ್ ಎಂದೇ ಬರೆಯಿರಿ ಎನ್ನುತ್ತಾರೆ. ಸಂದೇಹವಿದ್ದರೆ ಕೇಳುವುದೇ ಒಳ್ಳೆಯದು. ಹೆಸರು ಹೇಗೆ ಬರೆಯಲಿ ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ, ತಿದ್ದಿದರೆ ಬೇಸರಪಡುತ್ತಾರೆ.

ಹೆಜ್ಜೆ 2: ಹೆಸರಿನ ಬೇರನ್ನು ತಿಳಿಯಿರಿ

ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಮುಂದಿನ ಹೆಜ್ಜೆಗಳ ಅರ್ಧ ಗೊಂದಲ ಇಲ್ಲೇ ಪರಿಹಾರವಾಗುತ್ತದೆ.

ಹಳೆಯ ಸ್ಲಾವ್ ಹೆಸರುಗಳು ಎರಡು ಪದಗಳ ಸಮಾಸಗಳು. ಯಾರೊಸ್ಲಾವ್, ಸ್ವ್ಯಾತೊಸ್ಲಾವ್, ಸ್ತಾನಿಸ್ಲಾವ್ ಇವುಗಳಲ್ಲಿ ಬರುವ ‘ಸ್ಲಾವ’ಕ್ಕೆ ಕೀರ್ತಿ ಎಂಬ ಅರ್ಥವಿದೆ, ಮತ್ತು ಅದು ಸಂಸ್ಕೃತದ ‘ಶ್ರವಸ್’ ಶಬ್ದದ ದೂರದ ನೆಂಟ. ವ್ಲಾದಿಮಿರ್‌ನಲ್ಲಿ ಮೊದಲ ಪದ ‘ವ್ಲಾದ್’, ಆಳು, ಅಧಿಕಾರ ನಡೆಸು ಎಂಬ ಅರ್ಥದ್ದು. ಎರಡನೆಯದರ ಬಗ್ಗೆಯೇ ಗೊಂದಲ. ಇಂದಿನ ರಷ್ಯನ್ನಿನಲ್ಲಿ ‘ಮಿರ್’ ಎಂದರೆ ಶಾಂತಿಯೂ ಹೌದು, ಜಗತ್ತೂ ಹೌದು. ಹಾಗಾಗಿ ‘ಜಗದೊಡೆಯ’, ‘ಶಾಂತಿಯ ಒಡೆಯ’ ಎಂಬ ಅರ್ಥಗಳು ಹೆಸರುಗಳ ಪುಸ್ತಕಗಳಲ್ಲೂ ಜಾಲತಾಣಗಳಲ್ಲೂ ಧಾರಾಳವಾಗಿ ಸಿಗುತ್ತವೆ. ಆದರೆ ಹಳೆಯ ಬರವಣಿಗೆಯಲ್ಲಿ ಈ ಭಾಗ ‘ಮಿರ್’ ಅಲ್ಲ, ಬೇರೆಯೇ ಸ್ವರವುಳ್ಳ ‘ಮೇರ್’. ಅದು ಹಿರಿಯ, ಹೆಸರುವಾಸಿ ಎಂಬ ಅರ್ಥದ ಹಳೆಯ ಜರ್ಮಾನಿಕ್ ಪದಗಳ ಬಳಗಕ್ಕೆ ಸೇರಿದ್ದು. ಅಂದರೆ ಮೂಲಾರ್ಥ ‘ಆಳ್ವಿಕೆಯಲ್ಲಿ ಹಿರಿದಾದವನು’ ಎಂಬುದಕ್ಕೆ ಹತ್ತಿರ. ಕಾಲ ಕಳೆದಂತೆ ‘ಮೇರ್’ನ ಅರ್ಥ ಮರೆತು, ಪರಿಚಿತವಾದ ‘ಮಿರ್’ ಅದರ ಜಾಗದಲ್ಲಿ ಕುಳಿತುಕೊಂಡಿತು. ಜಗದೊಡೆಯ ಎಂಬ ಅರ್ಥವನ್ನು ಯಾರಾದರೂ ಹೇಳಿದರೆ ಜನರ ನಂಬಿಕೆ ಎಂದು ಒಪ್ಪಿ, ವ್ಯುತ್ಪತ್ತಿ ಎಂದು ಒಪ್ಪಬೇಡಿ.

ದಾಖಲೆಯಲ್ಲಿ ಸಿಗುವ ಮೊದಮೊದಲಿನ ವ್ಲಾದಿಮಿರ್ ರಷ್ಯಾದವನೂ ಅಲ್ಲ, ಉಕ್ರೇನಿನವನೂ ಅಲ್ಲ. ಅವನು ಬಲ್ಗೇರಿಯಾದ ದೊರೆ ವ್ಲಾದಿಮಿರ್ ರಸಾತೆ, 889ರಿಂದ 893ರವರೆಗೆ ಆಳಿದವನು. ಅವನ ತಂದೆ ಒಂದನೆಯ ಬೋರಿಸ್ ನಾಡನ್ನು ಕ್ರೈಸ್ತ ಧರ್ಮಕ್ಕೆ ತಂದು, ಪಟ್ಟವನ್ನು ಮಗನಿಗೆ ಬಿಟ್ಟು ಮಠ ಸೇರಿದ್ದ. ಮಗ ಹಳೆಯ ದೇವರುಗಳನ್ನು ಮರಳಿ ತರಲು ಹೊರಟ. ಮಠದಿಂದ ಎದ್ದು ಬಂದ ತಂದೆ ಮಗನನ್ನು ಪಟ್ಟದಿಂದ ಇಳಿಸಿ ಕಣ್ಣು ಕೀಳಿಸಿದ.

ಅದಾಗಿ ಸುಮಾರು ನೂರು ವರ್ಷಕ್ಕೆ ಇನ್ನೊಬ್ಬ ವ್ಲಾದಿಮಿರ್ ಇದರ ತದ್ವಿರುದ್ಧ ಕೆಲಸ ಮಾಡಿದ. ಕೀವಿನ ದೊರೆ ಸ್ವ್ಯಾತೊಸ್ಲಾವ್‌ನಿಗೆ ಅರಮನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಮಲೂಶಾ ಎಂಬಾಕೆಯಲ್ಲಿ ಹುಟ್ಟಿದ ಮಗ ಅವನು. ಅಣ್ಣತಮ್ಮಂದಿರ ಜಗಳದಲ್ಲಿ ಸ್ಕ್ಯಾಂಡಿನೇವಿಯಾಕ್ಕೆ ಓಡಿಹೋಗಿ, ಕೂಲಿ ಸೈನಿಕರನ್ನು ಕಟ್ಟಿಕೊಂಡು ಹಿಂದಿರುಗಿ ಪಟ್ಟ ಗೆದ್ದ. ಯಾವ ಧರ್ಮ ಒಳ್ಳೆಯದೆಂದು ತಿಳಿಯಲು ದೇಶದೇಶಕ್ಕೆ ದೂತರನ್ನು ಕಳುಹಿಸಿದನೆಂದೂ, ಮದ್ಯ ಬಿಡಬೇಕೆಂದು ತಿಳಿದೊಡನೆ ಇಸ್ಲಾಂ ಬೇಡವೆಂದನೆಂದೂ ಹಳೆಯ ಚರಿತ್ರೆಯೊಂದು ಹೇಳುತ್ತದೆ. ಕಥೆ ಎಷ್ಟು ನಿಜವೋ, ರಸವತ್ತಾಗಿದೆ. 988ರಲ್ಲಿ ಅವನು ಬೈಜಾಂಟಿಯಂನ ಕ್ರೈಸ್ತ ಧರ್ಮ ಸ್ವೀಕರಿಸಿದ, ಅಲ್ಲಿನ ಚಕ್ರವರ್ತಿ ಬಸಿಲ್‌ನ ತಂಗಿ ಅನ್ನಾಳನ್ನು ಮದುವೆಯಾದ.

ನಮಗೆ ಬೇಕಾದ ಸಂಗತಿ ಮುಂದಿನದು. ದೀಕ್ಷೆಯಲ್ಲಿ ಅವನಿಗೆ ಸಿಕ್ಕ ಹೆಸರು ವಸೀಲಿ. ವ್ಲಾದಿಮಿರ್ ಎಂಬ ಸಂತನೇ ಇರದಿದ್ದ ಕಾರಣ ಚರ್ಚಿನ ಲೆಕ್ಕದಲ್ಲಿ ಅದು ಹೆಸರೇ ಆಗಿರಲಿಲ್ಲ. ಮುಂದೆಯೂ ಬಹುಕಾಲ ಅಲ್ಲಿನ ದೊರೆಗಳಿಗೆ ಎರಡೆರಡು ಹೆಸರು, ಒಂದು ಮನೆತನದ್ದು, ಇನ್ನೊಂದು ಚರ್ಚಿನದು. ಅವನ ಮಗ ಯಾರೊಸ್ಲಾವ್ ಚರ್ಚಿನಲ್ಲಿ ಗಿಯೊರ್ಗಿ, ಮೊನೊಮಾಖನೂ ಚರ್ಚಿನಲ್ಲಿ ವಸೀಲಿಯೇ. 1015ರ ಜುಲೈ 15ರಂದು ತೀರಿಕೊಂಡ ವ್ಲಾದಿಮಿರನನ್ನು ಶತಮಾನಗಳ ಬಳಿಕ ಸಂತನೆಂದು ಘೋಷಿಸಿದ ಮೇಲೆ ಅವನ ಸ್ಲಾವ್ ಹೆಸರಿಗೂ ಚರ್ಚಿನ ಪಂಚಾಂಗದಲ್ಲಿ ಜಾಗ ಸಿಕ್ಕಿತು. ಮಕ್ಕಳಿಗೆ ಸಂತರ ಹೆಸರನ್ನಷ್ಟೇ ಇಡಬೇಕೆಂಬ ಕಟ್ಟುಪಾಡಿದ್ದ ಕಾಲದಲ್ಲಿ ಎಷ್ಟೋ ಹಳೆಯ ಸ್ಲಾವ್ ಹೆಸರುಗಳು ಮರೆಗೆ ಸರಿದವು, ಇದು ಉಳಿದು ಬೆಳೆಯಿತು.

ಇನ್ನು ವ್ಲಾದಿಮಿರ್ ಮತ್ತು ವೊಲೊದಿಮಿರ್ ನಡುವಿನ ವ್ಯತ್ಯಾಸ. ದಕ್ಷಿಣ ಸ್ಲಾವ್ ಭಾಷೆಗಳಲ್ಲಿ ‘ವ್ಲಾದ್’, ‘ಗ್ರಾದ್’ ಎಂದು ಬರುವ ಕಡೆ ಪೂರ್ವ ಸ್ಲಾವ್ ಭಾಷೆಗಳಲ್ಲಿ ಇನ್ನೊಂದು ಸ್ವರ ಸೇರಿ ‘ವೊಲೊದ್’, ‘ಗೊರೊದ್’ ಆಗುತ್ತದೆ. ಬೆಲ್‌ಗ್ರೇಡಿನ ಗ್ರಾದ್, ನೊವ್‌ಗೊರೊದಿನ ಗೊರೊದ್ ಎರಡೂ ಪಟ್ಟಣವೇ. ಕೀವಿನಲ್ಲಿ ಜನ ಆಡುತ್ತಿದ್ದ ರೂಪ ವೊಲೊದಿಮೇರ್. ಚರ್ಚಿನ ಗ್ರಂಥಭಾಷೆ ದಕ್ಷಿಣದ್ದು, ಅದರಲ್ಲಿ ವ್ಲಾದಿಮಿರ್. ಉಕ್ರೇನಿಯನ್ ಜನಭಾಷೆಯ ರೂಪವನ್ನು ಉಳಿಸಿಕೊಂಡಿತು, ರಷ್ಯನ್ ಗ್ರಂಥಭಾಷೆಯ ರೂಪವನ್ನು ಹಿಡಿಯಿತು. ಆದರೆ ರಷ್ಯನ್ ಮನೆಗಳಲ್ಲಿ ಇಂದಿಗೂ ವ್ಲಾದಿಮಿರ್‌ನನ್ನು ವೊಲೋದ್ಯ ಎಂದೇ ಕರೆಯುತ್ತಾರೆ. ನಮ್ಮಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಶ್ರೀನಿವಾಸನಾದವನು ಮನೆಯಲ್ಲಿ ಸೀನನಾಗಿ ಉಳಿದ ಹಾಗೆ, ಹಳೆಯ ಜನರೂಪ ಅಲ್ಲಿ ಮುದ್ದಿನ ಹೆಸರಿನಲ್ಲಿ ಉಳಿದುಕೊಂಡಿದೆ.

ಹಾಗಾಗಿ ವೊಲೊದಿಮಿರ್ ಎಂಬುದು ವ್ಲಾದಿಮಿರ್‌ನ ಅಪಭ್ರಂಶ ಎಂದು ಬರೆಯಬೇಡಿ, ಅದರ ಉಲ್ಟಾವನ್ನೂ ಬರೆಯಬೇಡಿ. ಈ ದೊರೆ ಯಾರ ಪೂರ್ವಜ ಎಂಬುದೇ ಇವತ್ತು ಜಗಳದ ವಿಷಯ. ಕೀವಿನಲ್ಲಿ ದ್ನೀಪರ್ ನದಿಯ ದಂಡೆಯ ಮೇಲೆ ಅವನ ಪ್ರತಿಮೆ 1853ರಿಂದಲೂ ಇದೆ. ಮಾಸ್ಕೋದಲ್ಲಿ ಕ್ರೆಮ್ಲಿನ್ ಪಕ್ಕ ಇನ್ನೊಂದನ್ನು 2016ರಲ್ಲಿ ನಿಲ್ಲಿಸಿದರು. ಅವನ ಬೆಳ್ಳಿ ನಾಣ್ಯಗಳ ಮೇಲಿದ್ದ ತ್ರಿಶೂಲದಂಥ ಮುದ್ರೆ 1992ರಿಂದ ಉಕ್ರೇನಿನ ರಾಷ್ಟ್ರಲಾಂಛನ. ಇತಿಹಾಸ ಬರೆಯುವಾಗ ‘ಕೀವಿನ ದೊರೆ’ ಎಂದರೆ ಸಾಕು. ‘ರಷ್ಯಾದ ದೊರೆ’ ಎಂದರೆ ಆಗ ಇರದಿದ್ದ ದೇಶವೊಂದಕ್ಕೆ ಅವನನ್ನು ಸೇರಿಸಿದಂತಾಗುತ್ತದೆ.

ಹೆಜ್ಜೆ 3: ಬಾಯಿಗೆ ತಂದುಕೊಳ್ಳಿ

ರಷ್ಯನ್ನಿನಲ್ಲಿ ಒತ್ತು ಎರಡನೆಯ ಸ್ವರದ ಮೇಲೆ: ವ್ಲದೀಮಿರ್. ಒತ್ತು ಬಿದ್ದ ಸ್ವರ ಸ್ವಲ್ಪ ಉದ್ದವಾಗುತ್ತದೆ, ಉಳಿದವು ಮೊಟಕಾಗುತ್ತವೆ. ‘ವ್ಲಾ’ವನ್ನು ಎಳೆದು ಮುಂದಿನದನ್ನು ನುಂಗುವುದು ಇಂಗ್ಲಿಷಿನವರ ಚಾಳಿ, ಕಾದಂಬರಿಕಾರ ವ್ಲಾದಿಮಿರ್ ನಬೋಕೊವ್ ಅಮೆರಿಕದಲ್ಲಿ ತನ್ನ ಹೆಸರಿನ ಒತ್ತು ಎಲ್ಲಿ ಎಂದು ಪ್ರಾಸ ಕೊಟ್ಟು ವಿವರಿಸಬೇಕಾಯಿತು. ಉಕ್ರೇನಿಯನ್ ರೂಪದಲ್ಲೂ ಒತ್ತು ‘ದಿ’ಯ ಮೇಲೆಯೇ, ಆದರೆ ಅಲ್ಲಿನ ಸ್ವರ ನಮ್ಮ ಇಕಾರಕ್ಕೂ ಎಕಾರಕ್ಕೂ ನಡುವೆ ನಿಲ್ಲುವಂಥದ್ದು. ಇಕಾರ ಹೇಳಿದರೆ ಅರ್ಥವಾಗುತ್ತದೆ, ಎಳೆಯಬೇಡಿ. ಜೆಕ್ ಭಾಷೆಯಲ್ಲಿ ಒತ್ತು ಮೊದಲ ಸ್ವರದ ಮೇಲೆ, ಉದ್ದ ಕೊನೆಯ ಸ್ವರಕ್ಕೆ. ಹ್ರಸ್ವ ದೀರ್ಘಗಳನ್ನು ಬೇರೆಯಾಗಿ ಕೇಳಿ ಬೆಳೆದ ಕನ್ನಡಿಗರಿಗೆ ಇದು ಸುಲಭ.

ಪೋಲಿಷ್ ರೂಪ ಮಾತ್ರ ನಿಜಕ್ಕೂ ಕಷ್ಟ. ‘ವ್ವೊ’ ಎನ್ನುವಲ್ಲಿ ಮೊದಲ ವಕಾರಕ್ಕೆ ಹಲ್ಲು ತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ಗುಂಡಾಗಬೇಕು. ನಂತರ ಮೆತ್ತನೆಯ ‘ಜಿ’, ಅದರ ಮೇಲೆ ಒತ್ತು, ಕೊನೆಗೆ ‘ಮ್ಯೆಶ್’. ಆಗದಿದ್ದರೆ ನಾಚಿಕೆ ಬೇಡ, ಪೋಲಿಷ್ ಸಹೋದ್ಯೋಗಿಯೇ ‘ವ್ವೊದೆಕ್’ ಎನ್ನಿ ಸಾಕು ಎಂದು ಉಪಕಾರ ಮಾಡುತ್ತಾನೆ.

ನಮ್ಮವರ ಬಾಯಲ್ಲಿ ಎರಡು ತೊಡಕು. ಶಬ್ದದ ಮೊದಲಿಗೆ ‘ವ್ಲ’ ಎಂಬ ಒತ್ತಕ್ಷರ ಕನ್ನಡದಲ್ಲಿ ಇಲ್ಲವಾದ್ದರಿಂದ ‘ವಲಾಡಿಮಿರ್’, ‘ವಿಲಾಡಿಮಿರ್’ ಎಂದು ನಡುವೆ ಸ್ವರ ತುರುಕುತ್ತೇವೆ. ಕೊನೆಗೆ ಉಕಾರ ಸೇರಿಸಿ ‘ಮಿರು’ ಮಾಡುತ್ತೇವೆ. ಎರಡನ್ನೂ ಬಿಟ್ಟರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಹೆಜ್ಜೆ 4: ಕನ್ನಡದಲ್ಲಿ ಬರೆಯಿರಿ

ದಕಾರವೋ ಡಕಾರವೋ? ಸ್ಲಾವ್ ಭಾಷೆಗಳ ಈ ಧ್ವನಿ ಹಲ್ಲಿಗೆ ನಾಲಿಗೆ ತಾಗಿ ಹುಟ್ಟುವುದು, ನಮ್ಮ ದಕಾರವೇ. ಸುದ್ದಿಸಂಸ್ಥೆಗಳ ಇಂಗ್ಲಿಷ್ ಪ್ರತಿಯಿಂದ ಬಂದ ಕಾರಣಕ್ಕೆ ಅದು ಡಕಾರವಾಗಿ ನಮ್ಮಲ್ಲಿ ನಿಂತುಬಿಟ್ಟಿದೆ, ಏಕೆಂದರೆ ಇಂಗ್ಲಿಷಿನವರ ಉಚ್ಚಾರ ನಮ್ಮ ಕಿವಿಗೆ ಡಕಾರವಾಗಿಯೇ ಕೇಳುತ್ತದೆ. ನನ್ನ ಸಲಹೆ: ಪ್ರಸಿದ್ಧರ ವಿಷಯದಲ್ಲಿ ನಿಮ್ಮ ಪತ್ರಿಕೆ ಬಳಸುತ್ತಾ ಬಂದ ರೂಪವನ್ನು ಬದಲಿಸಲು ಹೋಗಬೇಡಿ, ಓದುಗ ಬೇರೆ ಯಾರೋ ಎಂದುಕೊಳ್ಳುತ್ತಾನೆ. ಹೊಸದಾಗಿ ಕನ್ನಡಕ್ಕೆ ಬರುವ ಹೆಸರುಗಳಲ್ಲಿ ದಕಾರ, ತಕಾರಗಳನ್ನೇ ಬಳಸಿ. ಇದೇ ನ್ಯಾಯದಲ್ಲಿ ರಷ್ಯಾದ ಅಧ್ಯಕ್ಷರು ಪೂತಿನ್ ಆಗಬೇಕು. ಆದರೆ ಪುತಿನ ಎಂದರೆ ನಮಗೆ ಮೇಲುಕೋಟೆಯ ಕವಿ. ಆ ಜಾಗ ಖಾಲಿ ಇಲ್ಲ.

‘ವ್ಲಾ’ ಎಂಬ ದೀರ್ಘ ಕೂಡ ಉಚ್ಚಾರಕ್ಕೆ ನಿಷ್ಠವಲ್ಲ. ಆದರೂ ಅಚ್ಚಿನಲ್ಲಿ ವ್ಲಾದಿಮಿರ್ ಎಂದೇ ಇರಲಿ ಎನ್ನುತ್ತೇನೆ. ವ್ಲದೀಮಿರ್ ಎಂಬುದು ಉಚ್ಚಾರ ಕಲಿಸುವ ಪುಸ್ತಕಕ್ಕೆ ಸರಿ, ಸುದ್ದಿಗೆ ಕಣ್ಣು ತಡೆಯುತ್ತದೆ.

ವಿಭಕ್ತಿ ಪ್ರತ್ಯಯಕ್ಕೆ ಬನ್ನಿ. ಇತಿಹಾಸದ ದೊರೆಯನ್ನು ಕುರಿತು ‘ವ್ಲಾದಿಮಿರನು’, ‘ವ್ಲಾದಿಮಿರನಿಗೆ’ ಎಂದು ಬರೆಯುವುದು ಕನ್ನಡಕ್ಕೆ ಸಹಜ. ಇಂದಿನವರಿಗೆ ‘ವ್ಲಾದಿಮಿರ್ ಅವರಿಗೆ’. ಹೆಸರಿಗೇ ಪ್ರತ್ಯಯ ಹಚ್ಚುವುದಾದರೆ ‘ವ್ಲಾದಿಮಿರ್‌ಗೆ’ ಎಂದು ಬರೆಯಬೇಕು. ಅದಕ್ಕೆ ಟೈಪ್ ಮಾಡುವಾಗ ರ್ ಮತ್ತು ಗೆ ನಡುವೆ ಅಕ್ಷರಗಳನ್ನು ಬಿಡಿಸುವ, ಕಣ್ಣಿಗೆ ಕಾಣದ ಸಂಕೇತವೊಂದನ್ನು ಹಾಕಬೇಕಾಗುತ್ತದೆ. ಹಾಕದಿದ್ದರೆ ‘ವ್ಲಾದಿಮಿರ್ಗೆ’ ಎಂಬ ವಿಚಿತ್ರ ಅರ್ಕಾವೊತ್ತು ಹುಟ್ಟುತ್ತದೆ.

ಅನುವಾದಕರಿಗೆ ಇನ್ನೊಂದು ಮಾತು. ಸ್ಲಾವ್ ಭಾಷೆಗಳಲ್ಲೂ ವಿಭಕ್ತಿ ಇದೆ ಮತ್ತು ಅದು ಹೆಸರಿಗೇ ಅಂಟುತ್ತದೆ. ರಷ್ಯನ್ ವಾಕ್ಯದ ನಡುವೆ ‘ವ್ಲಾದಿಮಿರಾ’ ಎಂದಿದ್ದರೆ ಸಾಮಾನ್ಯವಾಗಿ ಅದು ಹೆಂಗಸಿನ ಹೆಸರಲ್ಲ, ‘ವ್ಲಾದಿಮಿರ್‌ನ’ ಅಥವಾ ‘ವ್ಲಾದಿಮಿರ್‌ನನ್ನು’ ಎಂಬ ಅರ್ಥ. ‘ವ್ಲಾದಿಮಿರು’ ಎಂದರೆ ‘ವ್ಲಾದಿಮಿರ್‌ಗೆ’. ಯಂತ್ರಾನುವಾದ ಇಲ್ಲಿ ಎಡವಿದರೆ ಅದನ್ನು ನಂಬಿದವರೂ ಎಡವುತ್ತಾರೆ. ಮೊದಲು ಹೆಸರನ್ನು ಪ್ರಥಮಾ ರೂಪಕ್ಕೆ ತಂದು, ಆಮೇಲೆ ಕನ್ನಡದ ಪ್ರತ್ಯಯ ಹಚ್ಚಿ. ಹೆಂಗಸಿನ ವ್ಲಾದಿಮೀರಾ ಎಂಬ ಹೆಸರೂ ಉಂಟು, ಮುಖ್ಯವಾಗಿ ಜೆಕ್, ಸ್ಲೊವಾಕ್ ಜನರಲ್ಲಿ.

ಹೆಜ್ಜೆ 5: ಎದುರು ನಿಂತಾಗ ಹೇಗೆ ಕರೆಯಬೇಕು

ರಷ್ಯನ್ನರ ಪೂರ್ಣ ಹೆಸರಿನಲ್ಲಿ ಮೂರು ಭಾಗ: ಹೆಸರು, ಪಿತೃನಾಮ, ಮನೆತನದ ಹೆಸರು. ಗಗನಯಾತ್ರಿ ವ್ಲಾದಿಮಿರ್ ಮಿಖಾಯ್ಲೊವಿಚ್ ಕೊಮರೊವ್ ಎಂದರೆ ಮಿಖಾಯಿಲನ ಮಗ. ಮಗಳಾದರೆ ಮಿಖಾಯ್ಲೊವ್ನಾ. ತಂದೆಯ ಹೆಸರೇ ವ್ಲಾದಿಮಿರ್ ಆಗಿದ್ದರೆ ಮಗ ವ್ಲಾದಿಮಿರೊವಿಚ್, ಮಗಳು ವ್ಲಾದಿಮಿರೊವ್ನಾ. ಪುಟಿನ್, ನಬೋಕೊವ್, ಕವಿ ಮಯಕೋವ್‌ಸ್ಕಿ ಮೂವರೂ ವ್ಲಾದಿಮಿರ್ ವ್ಲಾದಿಮಿರೊವಿಚ್‌ಗಳೇ. ಅಚ್ಚಿನ ದೋಷವೆಂದು ಒಂದನ್ನು ಹೊಡೆದುಹಾಕಬೇಡಿ. ಉಕ್ರೇನಿಯನ್ನಿನಲ್ಲಿ ಇದು ವೊಲೊದಿಮಿರೊವಿಚ್, ವೊಲೊದಿಮಿರಿವ್ನಾ.

ಗೌರವ ಇರುವುದು ಹೆಸರು ಮತ್ತು ಪಿತೃನಾಮ ಎರಡನ್ನೂ ಸೇರಿಸಿ ಹೇಳುವುದರಲ್ಲಿ, ಜೊತೆಗೆ ನಮ್ಮ ‘ನೀವು’ಗೆ ಸಮನಾದ ‘ವಿ’ ಎಂಬ ಸರ್ವನಾಮ. ರಷ್ಯಾದ ವೈದ್ಯಕೀಯ ಕಾಲೇಜಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಇದನ್ನು ಮೊದಲ ವಾರದಲ್ಲೇ ಕಲಿಯಬೇಕು. ಅಲ್ಲಿನ ವಿದ್ಯಾರ್ಥಿಗಳು ಮೇಷ್ಟರನ್ನು ‘ಸರ್’ ಎನ್ನುವುದಿಲ್ಲ, ‘ವ್ಲಾದಿಮಿರ್ ಪೆತ್ರೊವಿಚ್’ ಎನ್ನುತ್ತಾರೆ. ಬರೀ ‘ವ್ಲಾದಿಮಿರ್’ ಎಂದರೆ ಸಲಿಗೆ ಹೆಚ್ಚಾಯಿತು. ಬರೀ ಮನೆತನದ ಹೆಸರು ಕೂಗಿದರೆ ಹಾಜರಿ ಕರೆದಂತೆ. ವಿಭಾಗದ ಬಾಗಿಲಿನ ಫಲಕದಲ್ಲಿ ಪಿತೃನಾಮ ಬರೆದಿರುತ್ತಾರೆ, ಪುಸ್ತಕದ ಹಿಂದೆ ಗುರುತು ಹಾಕಿಕೊಳ್ಳಿ. ವೇಗದ ಮಾತಿನಲ್ಲಿ ‘ವ್ಲದೀಮಿರಿಚ್’ ಎಂದು ಮೊಟಕಾದದ್ದನ್ನು ಕೇಳುತ್ತೀರಿ. ಕೇಳಿ, ಆದರೆ ನೀವು ಪೂರ್ತಿಯೇ ಹೇಳಿ.

ಪಿತೃನಾಮವನ್ನಷ್ಟೇ ಹೇಳುವುದೂ ಉಂಟು. ಅದು ಹಳ್ಳಿಯ ಕಡೆ ಹಿರಿಯರ ಬಗ್ಗೆ ಇರುವ ಸಲಿಗೆ ಬೆರೆತ ಗೌರವ. ಇಲ್ಯಾನ ಮಗನಾದ ಲೆನಿನ್ ಹಾಗೆಯೇ ಜನರ ಬಾಯಲ್ಲಿ ಬರೀ ‘ಇಲ್ಯಿಚ್’ ಆದ. ಹಳ್ಳಿಗಳಿಗೆ ಕರೆಂಟ್ ಬಂದಾಗ ಮೇಲೆ ಮರೆಯೇನೂ ಇಲ್ಲದೆ ತಂತಿಗೆ ನೇತುಬಿದ್ದ ಬಲ್ಬಿಗೆ ‘ಇಲ್ಯಿಚನ ದೀಪ’ ಎಂಬ ಹೆಸರೇ ಬಿತ್ತು.

ಬೆಂಗಳೂರಿಗೂ ಇಂಥ ಹೆಸರಿನ ಪರಿಚಯ ಇದೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನಟಿ ದೇವಿಕಾ ರಾಣಿಯವರೊಂದಿಗೆ ಬಾಳಿ 1993ರಲ್ಲಿ ತೀರಿಕೊಂಡ ಚಿತ್ರಕಲಾವಿದ ರೋರಿಚ್ ನಮಗೆ ‘ಸ್ವೆಟೊಸ್ಲಾವ್’. ರಷ್ಯನ್ ಬರವಣಿಗೆಯಲ್ಲಿ ಅವರು ಸ್ವ್ಯಾತೊಸ್ಲಾವ್ ನಿಕೊಲಾಯೆವಿಚ್, ಅಂದರೆ ಕಲಾವಿದ ನಿಕೊಲಾಯ್ ರೋರಿಚ್‌ರ ಮಗ. ವ್ಲಾದಿಮಿರ್ ದೊರೆಯ ತಂದೆಯ ಹೆಸರೇ ಅವರದು.

ಉಕ್ರೇನಿನಲ್ಲಿ ಪಿತೃನಾಮ ದಾಖಲೆಗಳಲ್ಲಿ ಇದ್ದರೂ, ಇಂದಿನ ಕಚೇರಿಗಳಲ್ಲಿ ‘ಪಾನೆ ವೊಲೊದಿಮಿರೆ’ ಎಂಬ ಸಂಬೋಧನೆ ಹೆಚ್ಚು ಕೇಳಿಬರುತ್ತದೆ. ‘ಪಾನೆ’ ಎಂದರೆ ನಮ್ಮ ‘ಶ್ರೀಯುತರೇ’ ಎಂಬಂತೆ; ಹೆಸರು ‘ರೆ’ ಎಂದು ಮುಗಿದದ್ದು ಸಂಬೋಧನಾ ವಿಭಕ್ತಿ. ಇಮೇಲ್ ಬರೆಯುವಾಗ ಈ ಒಂದು ಎಕಾರ ಸೇರಿಸಿದರೆ ಓದುವವರಿಗೆ ಖುಷಿಯಾಗುತ್ತದೆ. ಪೋಲೆಂಡಿನಲ್ಲಿ ಪಿತೃನಾಮವೇ ಇಲ್ಲ, ‘ಪಾನ್ಯೆ ವ್ವೊಜಿಮ್ಯೆಜು’ ಎನ್ನಬೇಕು. ಸರ್ಬಿಯಾದಲ್ಲಿ ‘ವ್ಲಾದಿಮಿರೆ’.

ರಷ್ಯನ್ನಿನಲ್ಲಿ ಹಳೆಯ ಸಂಬೋಧನಾ ವಿಭಕ್ತಿ ಬಿದ್ದುಹೋಗಿ ಆಡುಮಾತಿನಲ್ಲಿ ಹೊಸದೊಂದು ಹುಟ್ಟಿಕೊಂಡಿದೆ. ನಾವು ದೂರದವರನ್ನು ಕೂಗಿ ಕರೆಯುವಾಗ ಕೊನೆಯ ಸ್ವರವನ್ನು ಎಳೆಯುತ್ತೇವೆ, ಅವರು ಕತ್ತರಿಸುತ್ತಾರೆ. ವೊಲೋದ್ಯ ‘ವೊಲೋದ್!’ ಆಗುತ್ತಾನೆ, ವೋವ ‘ವೋವ್!’ ಆಗುತ್ತಾನೆ.

ಹೆಜ್ಜೆ 6: ಮುದ್ದಿನ ಹೆಸರುಗಳಲ್ಲಿ ಜಾಗ್ರತೆ

ವೊಲೋದ್ಯ ಎಂಬುದು ಗೆಳೆಯರ, ಮನೆಯವರ ಸಾಮಾನ್ಯ ರೂಪ. ಮಾಸ್ಕೋದಲ್ಲಿ ಕನ್ನಡದಲ್ಲೇ ಅಚ್ಚಾಗಿ ಅಗ್ಗದ ಬೆಲೆಗೆ ಬರುತ್ತಿದ್ದ ಪುಸ್ತಕಗಳನ್ನು ಓದಿದ ತಲೆಮಾರಿಗೆ ಇಂಥ ಮನೆಯ ಹೆಸರುಗಳು ಹೊಸವೇನಲ್ಲ. ವೋವ ಬಾಲ್ಯದಿಂದ ಬಂದ ರೂಪ, ಬೆಳೆದವರಿಗೂ ಉಳಿಯುತ್ತದೆ. ವೊಲೋದೆಂಕ ಅಕ್ಕರೆಯದು. ವೋವ್ಕ, ವೊಲೋದ್ಕ ಒರಟು, ಹುಡುಗರು ಹುಡುಗರಲ್ಲೇ. ವೋವೊಚ್ಕ ಎಂದು ಅಜ್ಜಿ ಮೊಮ್ಮಗನನ್ನು ಕರೆಯಬಹುದು, ನೀವು ಬೇಡ. ರಷ್ಯನ್ ನಗೆಹನಿಗಳಲ್ಲಿ ತರಗತಿಯ ತುಂಟ, ಬಾಯಿಬಡುಕ ಹುಡುಗನ ಹೆಸರು ಅದೇ.

ಇವೆಲ್ಲ ಗಂಡಸರ ಹೆಸರುಗಳು. ಕೊನೆಯ ಅಕಾರ ನೋಡಿ, ನಮ್ಮ ಸಂಧ್ಯಾ, ವಿದ್ಯಾಗಳ ನೆನಪಾಗಿ, ಅನುವಾದದಲ್ಲಿ ವೊಲೋದ್ಯ ‘ಬಂದಳು’ ಎಂದು ಬರೆದುಬಿಡುವ ಅಪಾಯ ಇದೆ. ಸಾಶಾ, ಮಿಶಾ, ವಾನ್ಯಾಗಳಿಗೂ ಇದೇ ಎಚ್ಚರ. ಅದರಲ್ಲೂ ಸಾಶಾ ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ, ವಾಕ್ಯದ ಕ್ರಿಯಾಪದ ನೋಡದೆ ತೀರ್ಮಾನಿಸಲಾಗದು.

‘ವ್ಲಾದ್’ ಎಂಬುದನ್ನು ಇಂಗ್ಲಿಷ್ ಪತ್ರಿಕೆಗಳು ವ್ಲಾದಿಮಿರ್‌ನ ಮೊಟಕು ಎಂದು ಸಲೀಸಾಗಿ ಬಳಸುತ್ತವೆ. ರಷ್ಯನ್ ಕಿವಿಗೆ ಅದು ಮೊದಲು ವ್ಲಾದಿಸ್ಲಾವ್ ಎಂಬ ಬೇರೆಯೇ ಹೆಸರನ್ನು ನೆನಪಿಸುತ್ತದೆ. ‘ದೀಮ’ ಎಂದರೆ ದ್ಮಿತ್ರಿ, ವ್ಲಾದಿಮಿರ್ ಅಲ್ಲ. ಜೆಕ್ಕರಲ್ಲಿ ವ್ಲಾದ್ಯ, ಸರ್ಬಿಯಾದಲ್ಲಿ ವ್ಲಾದ, ಕ್ರೊಯೇಶಿಯಾ ಬಲ್ಗೇರಿಯಾಗಳಲ್ಲಿ ವ್ಲಾದೊ. ಯಾವುದೇ ಆಗಲಿ, ಅವರಾಗಿ ಹೇಳುವವರೆಗೆ ಕಾಯಿರಿ.

ಸೋವಿಯತ್ ಕಾಲದಲ್ಲಿ ಹೊಸೆದ ಕೆಲವು ಹೆಸರುಗಳೂ ಇದರ ಕುಡಿಗಳೇ. ವ್ಲಾದಿಮಿರ್ ಲೆನಿನ್ ಎಂಬುದರ ಮೊದಲಕ್ಷರಗಳನ್ನು ಹೊಲಿದು ವ್ಲಾದ್ಲೆನ್, ವ್ಲಾದಿಲೆನ್. ವ್ಲಾದಿಮಿರ್ ಇಲ್ಯಿಚ್ ಲೆನಿನ್ ಎಂಬ ಪೂರ್ತಿ ಹೆಸರಿನ ಮೊದಲಕ್ಷರಗಳಿಂದ ವಿಲೆನ್, ಅದು ಇಂಗ್ಲಿಷ್ ಬಲ್ಲವರಿಗೆ ಖಳನಾಯಕನಂತೆ ಕೇಳುವುದು ಬೇರೆ ಮಾತು. ಹೆಣ್ಣುಮಕ್ಕಳಿಗೆ ಲೆನಿನ್ ಎಂಬುದನ್ನು ತಿರುಗಿಸಿ ನಿನೆಲ್.

ಮಗುವಿಗೆ ಇಡುವುದಾದರೆ

ಭಾರತದಲ್ಲಿ ಲೆನಿನ್, ಸ್ಟಾಲಿನ್, ನತಾಶಾ, ತಾನ್ಯಾ ಇದ್ದಾರೆ, ತಮಿಳುನಾಡಿನ ಎಂ. ಕೆ. ಸ್ಟಾಲಿನ್ ಹುಟ್ಟಿದ್ದು ಸೋವಿಯತ್ ನಾಯಕ ಸಾಯುವ ನಾಲ್ಕು ದಿನ ಮೊದಲು, 1953ರ ಮಾರ್ಚ್ 1ರಂದು. ಆದರೆ ರಷ್ಯನ್ನರಲ್ಲಿ ಬಳಕೆಯಲ್ಲಿರುವುದೆಲ್ಲ ಸ್ಲಾವ್ ಹೆಸರಲ್ಲ. ನತಾಶಾ ನತಾಲ್ಯಾಳ ಮನೆಯ ಹೆಸರು, ಬೇರು ಲ್ಯಾಟಿನ್. ಇವಾನ್ ಹೀಬ್ರೂವಿನಿಂದ ಬಂದದ್ದು. ಓಲ್ಗಾ, ಈಗೊರ್, ಒಲೆಗ್ ಸ್ಕ್ಯಾಂಡಿನೇವಿಯಾದವು. ಅಪ್ಪಟ ಸ್ಲಾವ್ ಹೆಸರೇ ಬೇಕೆಂದರೆ ವ್ಲಾದಿಮಿರ್, ಯಾರೊಸ್ಲಾವ್, ಮಿಲಾನ್, ಬೊಗ್ದಾನ್ ಕಡೆ ನೋಡಿ. ಕೊನೆಯದಕ್ಕೆ ದೇವರು ಕೊಟ್ಟವನು ಎಂಬ ಅರ್ಥ, ನಮ್ಮ ದೇವದತ್ತನೇ.

ಹೆಜ್ಜೆ 7: ದಾಖಲೆ, ಟಿಕೆಟ್, ಅರ್ಜಿ

ಇಲ್ಲಿ ಭಾಷಾಪ್ರೇಮಕ್ಕೆ ಜಾಗವಿಲ್ಲ. ಪಾಸ್‌ಪೋರ್ಟಿನಲ್ಲಿ ಲ್ಯಾಟಿನ್ ಅಕ್ಷರಗಳಲ್ಲಿ ಏನಿದೆಯೋ ಅದೇ. ರಷ್ಯಾದ ವಿದೇಶ ಪ್ರಯಾಣದ ಪಾಸ್‌ಪೋರ್ಟಿನಲ್ಲಿ ಪಿತೃನಾಮ ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯಲ್ಲಿ ಮಾತ್ರ ಇರುತ್ತದೆ, ಲ್ಯಾಟಿನ್ ಸಾಲಿನಲ್ಲಿ ಇರುವುದಿಲ್ಲ. ಹಾಗಾಗಿ ವಿಮಾನದ ಟಿಕೆಟಿನಲ್ಲಿ ಅದನ್ನು ನಡುವಿನ ಹೆಸರೆಂದು ತುಂಬಬೇಡಿ. ಉಕ್ರೇನು 2010ರಲ್ಲಿ ಹೆಸರುಗಳ ಲ್ಯಾಟಿನ್ ಕಾಗುಣಿತಕ್ಕೆ ಹೊಸ ನಿಯಮ ತಂದಿತು. ಅದಕ್ಕೂ ಹಿಂದಿನ ದಾಖಲೆಯಲ್ಲಿ ಒಂದು ರೂಪ, ಈಚಿನ ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೂಪ ಇರು­ವವರನ್ನು ಆಹ್ವಾನಿಸುವಾಗ, ಹೋಟೆಲು ಕಾಯ್ದಿರಿಸುವಾಗ ಈಗಿನ ಪಾಸ್‌ಪೋರ್ಟಿನ ಪ್ರತಿಯನ್ನೇ ತರಿಸಿಕೊಳ್ಳಿ.

ನೀವೇ ಅಲ್ಲಿಗೆ ಹೋದಾಗ ಅರ್ಜಿಗಳಲ್ಲಿ ಹೆಸರು, ಮನೆತನದ ಹೆಸರುಗಳ ಜೊತೆ ಪಿತೃನಾಮದ ಖಾನೆ ಇರುತ್ತದೆ. ತಂದೆಯ ಹೆಸರಿಗೆ ‘ಒವಿಚ್’ ಹಚ್ಚಿ ತುಂಬುವ ಆಸೆ ಸಹಜ. ರಾಮಪ್ಪನ ಮಗ ರಾಮಪ್ಪೊವಿಚ್ ಎಂದು ಗೆಳೆಯರ ನಡುವೆ ನಗಲು ಚೆನ್ನ. ಅರ್ಜಿಯಲ್ಲಿ ಮಾತ್ರ ನಿಮ್ಮ ಪಾಸ್‌ಪೋರ್ಟಿನಲ್ಲಿ ಇಲ್ಲದ್ದನ್ನು ತುಂಬಬೇಡಿ, ಆ ಖಾನೆ ಖಾಲಿ ಇರಲಿ.